ಕೆಮ್ಮಣ್ಣಿಗೆ ಇಳಿಯುವ ಮುನ್ನ

ಬೆಳಗಾವಿಗೆ ಜೀಪು ಹೊಸದಲ್ಲ. ಮರಾಠಾ ಲಘು ಪದಾತಿದಳದ ಕೇಂದ್ರವಿರುವ ಊರಿದು. ಕ್ಯಾಂಪ್ ಪ್ರದೇಶದಲ್ಲಿ ಸೈನ್ಯದ ಗಾಡಿಗಳನ್ನು ನೋಡುತ್ತಲೇ ಇಲ್ಲಿನ ಹುಡುಗರು ಬೆಳೆಯುತ್ತಾರೆ. ಹೊಸದೇನೆಂದರೆ, ನಾಲ್ಕೂ ಚಕ್ರ ಎಳೆಯುವ ಗಾಡಿ ಈಗ ಸಾಮಾನ್ಯರ ಮನೆಯಂಗಳಕ್ಕೂ ಬಂದಿದೆ. ವಾರವಿಡೀ ಟಿಳಕವಾಡಿಯ ಸಂದಣಿಯಲ್ಲಿ ತೆವಳಿದ ಥಾರ್ ಅಥವಾ ಜಿಮ್ನಿ ಭಾನುವಾರ ಬೆಳಿಗ್ಗೆ ಖಾನಾಪುರದ ದಿಕ್ಕು ಹಿಡಿಯುತ್ತದೆ. ಸುಮಾರು 26 ಕಿ.ಮೀ. ಹೋದರೆ ಖಾನಾಪುರ, ಅದರಾಚೆ ಸಹ್ಯಾದ್ರಿಯ ಸೆರಗು. ಅಲ್ಲಿ ಡಾಂಬರು ಬಿಟ್ಟು ಮಣ್ಣಿಗಿಳಿಯುವ ಹೊಸ ಚಾಲಕನನ್ನು ಮೊದಲು ಕೆಡಿಸುವುದು ಅವಸರ.

ಗಾಡಿಯ ಮರ್ಮ ತಿಳಿದರೆ ಈ ಅವಸರ ತಾನಾಗಿ ಇಳಿಯುತ್ತದೆ. ಇಂಥ ವಾಹನದಲ್ಲಿ ಮಾಮೂಲಿ ಗೇರಿನ ಪಕ್ಕ ಇನ್ನೊಂದು ಗಿಡ್ಡ ಲಿವರು ಇರುವುದುಂಟು. ಅದರಲ್ಲಿ 'ಟೂ ಹೈ' ಡಾಂಬರಿಗೆ, 'ಫೋರ್ ಹೈ' ಸಡಿಲು ಮಣ್ಣಿಗೆ, 'ಫೋರ್ ಲೋ' ಕಡಿದಾದ ಏರಿಳಿತಕ್ಕೆ ಮತ್ತು ಕೆಸರಿಗೆ. ಥಾರ್‌ನಂಥ ಗಾಡಿಯನ್ನು ಫೋರ್ ಲೋಗೆ ಹಾಕಿದರೆ ಚಕ್ರ ಸುಮಾರು ಎರಡೂವರೆ ಪಟ್ಟು ನಿಧಾನವಾಗಿ ತಿರುಗುತ್ತದೆ. ಎಳೆಯುವ ಬಲ ಸರಿಸುಮಾರು ಅಷ್ಟೇ ಪಟ್ಟು ಹೆಚ್ಚುತ್ತದೆ. ವೇಗ ಕೊಟ್ಟು ಬಲ ಕೊಳ್ಳುವ ವ್ಯಾಪಾರವಿದು. ವೇಗವೂ ಬೇಕು, ಬಲವೂ ಬೇಕು ಎಂದು ಆ್ಯಕ್ಸಿಲರೇಟರ್ ತುಳಿದವನ ಗಾಡಿ ಇದ್ದಲ್ಲೇ ಗುಂಡಿ ತೋಡಿಕೊಂಡು ಕೂರುತ್ತದೆ.

ಇಳಿಜಾರಿನಲ್ಲಿಯೂ ಅಷ್ಟೆ. ಫೋರ್ ಲೋನಲ್ಲಿ ಮೊದಲ ಗೇರ್ ಹಾಕಿ, ಕ್ಲಚ್ಚಿನಿಂದ ಕಾಲು ತೆಗೆದರೆ ಎಂಜಿನ್ನೇ ಗಾಡಿಯನ್ನು ಹಿಡಿದು ಇಳಿಸುತ್ತದೆ. ಹೆದರಿ ಬ್ರೇಕು ಒತ್ತಿದರೆ ಚಕ್ರ ನಿಲ್ಲುತ್ತದೆ, ಗಾಡಿ ಜಾರುತ್ತದೆ. ಹಳೆಯ ಜೀಪಿನಲ್ಲಿ ಸ್ಟಿಯರಿಂಗಿನ ಒಳಗೆ ಹೆಬ್ಬೆರಳು ತೂರಿಸಿ ಹಿಡಿಯಬಾರದು. ಚಕ್ರ ಕಲ್ಲಿಗೆ ಬಡಿದರೆ ಸ್ಟಿಯರಿಂಗ್ ಗಿರ್ರನೆ ತಿರುಗಿ ಬೆರಳು ಮುರಿದೀತು. ದಾರಿಯ ನಡುವೆ ಆಳವಾದ ಕೊರಕಲಿದ್ದರೆ ಚಕ್ರಗಳನ್ನು ಅದರೊಳಗೆ ಇಳಿಸದೆ ದಿಬ್ಬದ ಮೇಲೆ ನಡೆಸಬೇಕು. ಇಲ್ಲದಿದ್ದರೆ ಆಕ್ಸಲಿನ ನಡುವೆ ಜೋತುಬಿದ್ದಿರುವ ಡಿಫರೆನ್ಷಿಯಲ್ ನೆಲಕ್ಕೆ ತಾಗುತ್ತದೆ. ಮೂವತ್ತರ ಮೇಲಿರುವ ಟೈರಿನ ಗಾಳಿಯನ್ನು 20-22 ಪೌಂಡಿಗೆ ಇಳಿಸಿದರೆ ಹಿಡಿತ ಹೆಚ್ಚುತ್ತದೆ. ಡಾಂಬರಿಗೆ ಮರಳಿದ ಕೂಡಲೇ ಮತ್ತೆ ತುಂಬಿಸಬೇಕು. ಕಡಿಮೆ ಗಾಳಿಯಲ್ಲಿ ಜೋರಾಗಿ ಓಡಿಸುವುದು ಅಪಾಯ.

ಇವೆಲ್ಲ ಎಲ್ಲ ಊರಿಗೂ ಸಲ್ಲುವ ಮಾತು. ಖಾನಾಪುರದ ಮಾತು ಬೇರೆಯೇ ಇದೆ. ಇಲ್ಲಿನ ಮಣ್ಣು ಹಂಚು, ಇಟ್ಟಿಗೆ, ಗಡಿಗೆಗಳಿಗೆ ಹೆಸರುವಾಸಿ. ಕುಂಬಾರಿಕೆ ಕಲಿಸುವ ಕೇಂದ್ರ ಸಂಸ್ಥೆಯೂ ಇಲ್ಲಿದೆ. ಕುಂಬಾರನ ಕೈಗೆ ನುಣ್ಣಗೆ ಒಗ್ಗುವ ಜೇಡಿ, ಮಳೆ ಬಿದ್ದರೆ ಟೈರಿನ ಹಲ್ಲುಗಳ ನಡುವೆ ತುಂಬಿ ಅದನ್ನೂ ನುಣ್ಣಗೆ ಮಾಡಿಬಿಡುತ್ತದೆ. ಆಗ ನಾಲ್ಕು ಚಕ್ರ ಎಳೆದರೂ ಅಷ್ಟೆ, ಎರಡು ಎಳೆದರೂ ಅಷ್ಟೆ.

ಮಳೆಯೂ ಸಾಮಾನ್ಯದ್ದಲ್ಲ. ತಾಲ್ಲೂಕಿನ ಆಮಗಾಂವದಲ್ಲಿ 2010ರಲ್ಲಿ ಹತ್ತು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ದಾಖಲಾಗಿತ್ತು. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ದೇಗಾಂವದ ಕಡೆ ಮಹದಾಯಿ. ಮೇಲೆ ಮಳೆ ಸುರಿದರೆ, ಕೆಳಗೆ ಬಿಸಿಲಿದ್ದರೂ ಹಳ್ಳ ಏರುತ್ತದೆ. ಕಾಲಲ್ಲಿ ದಾಟಿ ನೋಡದ ಹಳ್ಳಕ್ಕೆ ಗಾಡಿ ಇಳಿಸಬಾರದು. ಕೆಂಪಗೆ ರಭಸದಿಂದ ಹರಿಯುವ ನೀರಿಗೆ ಕಾಲೂ ಇಡಬಾರದು, ಹಿಂದಿರುಗಬೇಕು. ಹೊಸಬರಿಗೆ ದೀಪಾವಳಿಯ ನಂತರದ ತಿಂಗಳುಗಳೇ ಲೇಸು. ಬೇಸಿಗೆ ಬಲಿತ ಮೇಲೆ ತರಗೆಲೆಯ ರಾಶಿಯ ಮೇಲೆ ಗಾಡಿ ನಿಲ್ಲಿಸಿದರೆ ಕಾದ ಸೈಲೆನ್ಸರ್ ಕೊಳವೆಯಿಂದ ಬೆಂಕಿ ಹತ್ತೀತು.

ಇನ್ನು, ಯಾವ ದಾರಿಯಲ್ಲಿ ಹೋಗಬಹುದು ಎಂಬ ಪ್ರಶ್ನೆ. ಕಾಡಿನಲ್ಲಿ ಕಾಣುವ ಜಾಡೆಲ್ಲ ರಸ್ತೆಯಲ್ಲ. ಸುಮಾರು 190 ಚದರ ಕಿ.ಮೀ.ಯಷ್ಟು ಕಾಡನ್ನು 2011ರ ಡಿಸೆಂಬರಿನಲ್ಲಿ ಭೀಮಗಡ ವನ್ಯಜೀವಿ ಧಾಮವೆಂದು ಘೋಷಿಸಲಾಯಿತು. ರಾಟನ್ ಬಾವಲಿ ಎಂಬ ಅಪರೂಪದ ಬಾವಲಿ ವಿಜ್ಞಾನಕ್ಕೆ ಮೊದಲು ಪರಿಚಯವಾದದ್ದು ಇಲ್ಲಿನ ಬಾರಾಪೇಡೆ ಗುಹೆಗಳಿಂದ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಕಲಂ ಪ್ರಕಾರ ಧಾಮದೊಳಗೆ ಪರವಾನಗಿಯಿಲ್ಲದೆ ಹೋಗುವಂತಿಲ್ಲ. ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರಿಗೆ, ಒಳಗೆ ಮನೆ-ಹೊಲ ಇರುವವರಿಗೆ ವಿನಾಯಿತಿ ಉಂಟು. ಎಂದರೆ, ಖಾನಾಪುರದಿಂದ ಹೆಮ್ಮಡಗಾ ಮೂಲಕ ಅನಮೋಡಿಗೆ ಹೋಗುವ ರಸ್ತೆಯಲ್ಲಿ ಸಾಗಬಹುದು; ಅದರ ಬದಿಗೆ ಸೀಳಿಕೊಂಡ ಜಾಡಿಗೆ ಮನಬಂದಂತೆ ಹೊರಳುವಂತಿಲ್ಲ. ಧಾಮದ ಹೊರಗಿನ ಮೀಸಲು ಅರಣ್ಯಕ್ಕೂ ಅನುಮತಿ ಬೇಕು. ಕಲಿಯುವವನಿಗೆ ಕಾಡಂಚಿನ ಹಳ್ಳಿಗಳ ಮಣ್ಣುರಸ್ತೆ ಸಾಕು. ಒಂದು ಏರು, ಒಂದು ಇಳಿಜಾರು, ಒಂದು ಸಣ್ಣ ಹಳ್ಳ ಸಿಕ್ಕರೆ ಮೊದಲ ಪಾಠ ಮುಗಿಯಿತು.

ಆ ಮಣ್ಣುರಸ್ತೆಯೂ ಯಾರದೋ ಮನೆಯ ದಾರಿ ಎಂಬುದನ್ನು ಮಾತ್ರ ಮರೆಯಬಾರದು. 2024ರ ಜುಲೈ ತಿಂಗಳಲ್ಲಿ ಆಮಗಾಂವದಲ್ಲಿ ಒಬ್ಬ ಮಹಿಳೆ ಅಸ್ವಸ್ಥರಾದರು. ಊರಿನವರೆಗೆ ಆಂಬುಲೆನ್ಸ್ ಬರುವಂತಿರಲಿಲ್ಲ. ಊರವರು ಸುರಿಯುವ ಮಳೆಯಲ್ಲಿ, ಹಳ್ಳ ದಾಟಿ, ಅವರನ್ನು ಕಿಲೋಮೀಟರುಗಟ್ಟಲೆ ಹೆಗಲ ಮೇಲೆ ಹೊತ್ತು ತಂದು ಆಂಬುಲೆನ್ಸಿಗೆ ಸೇರಿಸಿದರು. ಧಾಮದೊಳಗಿನ ಊರುಗಳ ಸ್ಥಳಾಂತರದ ಮಾತಿಗೆ ಆಮೇಲೆ ವೇಗ ಬಂತು. 2025ರಲ್ಲಿ ತಳೇವಾಡಿಯ ಕುಟುಂಬಗಳು ಪರಿಹಾರ ಪಡೆದು ಹೊರಬರಲು ಒಪ್ಪಿದವು. ಉಳಿದ ಊರುಗಳ ಜನ ಇನ್ನೂ ಅದೇ ದಾರಿಯಲ್ಲಿ ಓಡಾಡುತ್ತಿದ್ದಾರೆ.

ಪೇಟೆಯಿಂದ ಬಂದವರು ಮೋಜಿಗೆಂದು ಚಕ್ರ ತಿರುಗಿಸಿ ತೋಡಿದ ಗುಂಡಿ ಸಂಜೆಗೆ ಮುಚ್ಚಿಹೋಗುವುದಿಲ್ಲ. ಮುಂದಿನ ಮಳೆಗೆ ಅದರಲ್ಲಿ ನೀರು ನಿಂತು, ಹರಿದು, ಕೊರಕಲಾಗುತ್ತದೆ. ಮರುದಿನ ಹಾಲಿನ ಕ್ಯಾನು ಕಟ್ಟಿಕೊಂಡು ಬರುವ ಬೈಕಿನವನು, ಶಾಲೆಗೆ ನಡೆದುಹೋಗುವ ಮಕ್ಕಳು, ಬಸುರಿಯನ್ನು ಕರೆದೊಯ್ಯುವ ಟೆಂಪೊ ಎಲ್ಲರೂ ಅದನ್ನು ದಾಟಬೇಕು.

ಆದ್ದರಿಂದ ಗಾಡಿಯಲ್ಲಿ ಎಳೆಯುವ ಹಗ್ಗದ ಜೊತೆಗೆ ಒಂದು ಸಲಿಕೆಯೂ ಇರಲಿ. ಸಿಕ್ಕಿಬಿದ್ದ ಗಾಡಿಯನ್ನು ಹೊರತೆಗೆದ ಮೇಲೆ ಹತ್ತು ನಿಮಿಷ ನಿಂತು, ಕಲ್ಲುಮಣ್ಣು ಎಳೆದು, ಗುಂಡಿ ಮುಚ್ಚಿ ಬರುವುದು ಯಾವ ಚಾಲಕನಿಗೂ ಭಾರವಲ್ಲ. ಖಾನಾಪುರ ಪೇಟೆಗೆ ಬಂದು ಟೈರಿಗೆ ಗಾಳಿ ತುಂಬಿಸಿ, ಬಿಸಿ ಚಹ ಕುಡಿದು ಹೊರಟರೂ ಕತ್ತಲಾಗುವ ಮುನ್ನ ಬೆಳಗಾವಿ ಸೇರಬಹುದು.