‘ಇನ್ನೂ ಪ್ರಯತ್ನಿಸು’ ಎಂದರಷ್ಟೇ ಸಾಲದು

ಸೋಮನಾಥಪುರದ ಕೇಶವ ದೇವಾಲಯದ ಜಗತಿಯ ಮೇಲಿನ ಗೋಡೆಯಲ್ಲಿ ಸಾಲುಗೊಂಡಿರುವ ಆನೆ ಕುದುರೆಗಳನ್ನು ನೋಡಿಬಂದು ಅಚ್ಚುಕಟ್ಟಾಗಿ ಚಿತ್ರಿಸಬಲ್ಲ ಹುಡುಗನೊಬ್ಬ, ಒಂಬತ್ತನೆಯ ತರಗತಿಯ ಕನ್ನಡ ಪಾಠದ ಒಂದು ಪುಟವನ್ನು ಓದಲಾರದೆ ತಡವರಿಸಬಹುದು. ಚಿತ್ರಕ್ಕೆ ಇರುವ ಏಕಾಗ್ರತೆ ಓದಿಗೇಕೆ ಇಲ್ಲವೆಂದು ಹಿರಿಯರು ಗದರುತ್ತಾರೆ. ಸೋಮಾರಿ ಎಂಬ ಹೆಸರೂ ಅಂಟಿಕೊಳ್ಳುತ್ತದೆ.

ಡಿಸ್ಲೆಕ್ಸಿಯಾ ಎಂಬ ಕಲಿಕಾ ನ್ಯೂನತೆ ಬುದ್ಧಿಯ ಕೊರತೆಯೂ ಅಲ್ಲ, ದೃಷ್ಟಿದೋಷವೂ ಅಲ್ಲ. ಧ್ವನಿಯನ್ನೂ ಅಕ್ಷರವನ್ನೂ ಬೆಸೆಯುವ ಕೆಲಸದಲ್ಲಿ ಮಿದುಳಿಗೆ ಆಗುವ ತೊಡಕು ಅದು. ಗುಣಿತಾಕ್ಷರ, ಒತ್ತಕ್ಷರಗಳಿಂದಾಗಿ ನಮ್ಮ ಲಿಪಿಯಲ್ಲಿ ನೂರಾರು ರೂಪಗಳಿವೆ. ಕನ್ನಡ ಓದುವ ಮಕ್ಕಳ ಕುರಿತು ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಸಾಮಾನ್ಯ ಮಕ್ಕಳಲ್ಲಿಯೂ ಅಕ್ಷರಜ್ಞಾನದ ಕಲಿಕೆ ನಾಲ್ಕನೆಯ ತರಗತಿಯವರೆಗೂ ಮುಂದುವರಿಯುತ್ತದೆ. ತೊಡಕಿರುವ ಮಗುವಿಗೆ ಇನ್ನೂ ಹೆಚ್ಚು ಕಾಲ ಬೇಕೆಂಬುದರಲ್ಲಿ ಆಶ್ಚರ್ಯವೇನಿದೆ?

ಸಾಮರ್ಥ್ಯವು ಬೆಳೆಯಬಲ್ಲದು ಎಂಬ ನಂಬಿಕೆಯನ್ನು ಅಮೆರಿಕದ ಮನೋವಿಜ್ಞಾನಿ ಕೆರೋಲ್ ಡ್ವೆಕ್ ‘ಬೆಳವಣಿಗೆಯ ಮನೋಭಾವ’ವೆಂದು ಕರೆದರು. ಜಾಣನೆಂದು ಹೊಗಳಿಸಿಕೊಂಡ ಮಕ್ಕಳು ಸೋಲು ಎದುರಾದಾಗ ಬೇಗ ಕುಗ್ಗಿದರು, ಶ್ರಮಕ್ಕಾಗಿ ಮೆಚ್ಚುಗೆ ಪಡೆದವರು ಮುಂದುವರಿದರು ಎಂಬುದು 1998ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಕಂಡುಬಂದಿತು. ಆದರೆ ಅಲ್ಲಿನ ಸುಮಾರು 12,000 ಪ್ರೌಢಶಾಲಾ ಮಕ್ಕಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಈ ಬೋಧನೆಯಿಂದ ಹಿಂದುಳಿದ ಮಕ್ಕಳಿಗೆ ಆದ ಲಾಭ ಅಲ್ಪವೇ.

ಆದುದರಿಂದ ಈ ತತ್ತ್ವವನ್ನು ಘೋಷಣೆಯಾಗಿಸುವುದನ್ನು ನಾನು ಒಪ್ಪಲಾರೆ. ಎಂಟು ವರ್ಷ ಪ್ರಯತ್ನಿಸಿ ಸೋತವನಿಗೆ ಮತ್ತೆ ‘ಪ್ರಯತ್ನಿಸು’ ಎಂದರೆ, ದೋಷ ತನ್ನಲ್ಲಿಯೇ ಇದೆಯೆಂದು ಅವನು ತೀರ್ಮಾನಿಸುತ್ತಾನೆ. ಮೊದಲು ಕಲಿಸುವ ವಿಧಾನ ಬದಲಾಗಬೇಕು. ದಿನಕ್ಕೆ ಹದಿನೈದು ನಿಮಿಷ, ಒಂದೆರಡೇ ಒತ್ತಕ್ಷರ, ಪದವನ್ನು ಬಿಡಿಸಿ ಗಟ್ಟಿಯಾಗಿ ಓದುವ ಅಭ್ಯಾಸ ಸಾಕು. ವಿಜ್ಞಾನ, ಸಮಾಜ ಪಾಠಗಳನ್ನು ಮನೆಯವರು ಓದಿ ಹೇಳಲಿ. ಓದು ನಿಧಾನವಾದ ಮಾತ್ರಕ್ಕೆ ಜ್ಞಾನವೂ ನಿಲ್ಲಬೇಕಾಗಿಲ್ಲ. ಕಳೆದ ತಿಂಗಳು ಓದಿದ ಪುಟವನ್ನೇ ಈ ತಿಂಗಳು ಓದಿಸಿ, ತಪ್ಪುಗಳು ಎಷ್ಟು ಕಡಿಮೆಯಾದವೆಂದು ಅವನಿಗೇ ತೋರಿಸಬೇಕು. ‘ಒತ್ತಕ್ಷರವನ್ನು ಬಿಡಿಸಿಕೊಂಡು ಓದಿದೆ, ಅದಕ್ಕೇ ಸರಿಯಾಯಿತು’ ಎಂಬ ಮೆಚ್ಚುಗೆ ಆಗ ಟೊಳ್ಳಾಗಿ ಕೇಳಿಸುವುದಿಲ್ಲ. (ಅಕ್ಕನ ಅಂಕಗಳೊಡನೆ ಹೋಲಿಸುವ ಚಟವನ್ನಂತೂ ಕೂಡಲೇ ಬಿಡತಕ್ಕದ್ದು.)

ತಪಾಸಣೆಗೆ ದೂರ ಹೋಗಬೇಕಾಗಿಲ್ಲ. 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲಿಯೇ ಇದೆ. 1995ರ ಕಾಯ್ದೆಯಲ್ಲಿ ಇಲ್ಲದಿದ್ದ ಕಲಿಕಾ ನ್ಯೂನತೆಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಮಾನ್ಯತೆ ನೀಡಿದೆ. ಪ್ರಮಾಣಪತ್ರವಿದ್ದರೆ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯುವವರ ನೆರವು ಮುಂತಾದ ಸೌಲಭ್ಯಗಳನ್ನು ಮುಖ್ಯೋಪಾಧ್ಯಾಯರ ಮೂಲಕ ಕೋರಬಹುದು. ಪ್ರಮಾಣಪತ್ರ ಪಡೆದರೆ ಮಗುವಿಗೆ ಹಣೆಪಟ್ಟಿ ಬೀಳುವುದೆಂದು ಹಿಂಜರಿಯುವ ಪೋಷಕರಿದ್ದಾರೆ. ದಡ್ಡನೆಂಬ ಹಣೆಪಟ್ಟಿ ಆಗಲೇ ಬಿದ್ದಿದೆಯಲ್ಲವೇ? ಪರೀಕ್ಷೆ ಹತ್ತಿರ ಬಂದಾಗ ಅಲೆಯುವುದಕ್ಕಿಂತ ಎಂಟನೆಯ ತರಗತಿಯಲ್ಲಿಯೇ ಮಗುವನ್ನು ಕರೆದೊಯ್ಯುವುದು ಮೇಲು.