ಐದು ರೂಪಾಯಿ ನಾಣ್ಯಕ್ಕೆ ಐದು ಲಕ್ಷ ಸಿಗುತ್ತಾ?

ಕೊಟ್ಟೂರು ಜಾತ್ರೆಗೆ ಬೆಂಗಳೂರಿನಿಂದ ಊರಿಗೆ ಹೋದಾಗ ನಡೆದ ಮಾತು ಇದು. ತೇರು ನೋಡಿಕೊಂಡು ಹರಪನಹಳ್ಳಿ ಕಡೆ ಹಳ್ಳಿಯಲ್ಲಿರುವ ದೊಡ್ಡಪ್ಪನ ಮನೆಗೆ ಹೋಗಿದ್ದೆ. ಚಹಾ ಬರುವುದರೊಳಗೇ ದೊಡ್ಡಪ್ಪ ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ಬಿಚ್ಚಿದರು. ಒಳಗೆ ಐದು ರೂಪಾಯಿ ನಾಣ್ಯ. ಒಂದು ಕಡೆ ವೈಷ್ಣೋದೇವಿ ಚಿತ್ರ, ಇಸವಿ 2012. ಜಾತ್ರೆಯಲ್ಲಿ ಚಿಲ್ಲರೆ ಜೊತೆ ಬಂದದ್ದಂತೆ.

"ನೀನು ಕಂಪ್ಯೂಟರ್ ಓದಿದವನು, ನೋಡಪ್ಪ. ಇದಕ್ಕೆ ಐದು ಲಕ್ಷ ಕೊಡ್ತಾರಂತೆ. ವಿಡಿಯೋದಾಗಿನ ನಂಬರಿಗೆ ಫೋನ್ ಮಾಡಿದ್ದೆ. ಮೊದಲು ಸಾವಿರದ ನೂರು ರೂಪಾಯಿ ನೋಂದಣಿ ಫೀ ಹಾಕ್ರಿ ಅಂದ್ರು. ರಿಸರ್ವ್ ಬ್ಯಾಂಕಿನ ಕಾಗದಾನೂ ಕಳಿಸ್ಯಾರ."

ನಗುವ ಮಾತಾಗಿರಲಿಲ್ಲ. ಆ ವರ್ಷ ಮೆಕ್ಕೆಜೋಳ ಕೈ ಕೊಟ್ಟಿತ್ತು. ಮಗಳ ಮದುವೆ ಬೇರೆ ಗೊತ್ತಾಗಿತ್ತು. ದೊಡ್ಡಪ್ಪ ಮನಸ್ಸಿನಲ್ಲೇ ಆ ಐದು ಲಕ್ಷವನ್ನು ಹಂಚಿಬಿಟ್ಟಿದ್ದರು. ಇಷ್ಟು ಸಾಲಕ್ಕೆ, ಇಷ್ಟು ಬಂಗಾರಕ್ಕೆ ಅಂತ.

ಮೊದಲು ಆ ಫೀ ನಿಲ್ಲಿಸಬೇಕಿತ್ತು. ತನ್ನ ಹೆಸರಿನಲ್ಲಿ ಹಳೆಯ ನೋಟು, ನಾಣ್ಯದ ವ್ಯಾಪಾರ ಮಾಡಿ ಫೀ, ಕಮಿಷನ್ ಕೇಳುವವರನ್ನು ನಂಬಬೇಡಿ, ಇಂಥ ವ್ಯವಹಾರ ನಮಗಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಪ್ರಕಟಣೆ ಕೊಟ್ಟಿದೆ. ಅದನ್ನು ಫೋನಿನಲ್ಲಿ ತೆಗೆದು ಓದಿ ಹೇಳಿದೆ. "ದೊಡ್ಡಪ್ಪ, ಕೊಳ್ಳುವವನು ನಮಗೆ ದುಡ್ಡು ಕೊಡಬೇಕೋ, ನಾವು ಅವನಿಗೆ ಕೊಡಬೇಕೋ?" ಅಂದೆ. ಸಂತೆಯಲ್ಲಿ ಎತ್ತು ಮಾರಿ ಗೊತ್ತಿದ್ದ ದೊಡ್ಡಪ್ಪನಿಗೆ ಆ ಮಾತು ತಟ್ಟಿತು.

ಆದರೂ ಆಸೆ ಅಷ್ಟು ಬೇಗ ಬಿಡುತ್ತದೆಯೇ? "ಹೋಗಲಿ, ಅಮೆರಿಕಕ್ಕೆ ಕಳಿಸಿ ಗ್ರೇಡಿಂಗ್ ಮಾಡಿಸಿದರ ರೇಟ್ ಏರುತ್ತಂತಲ್ಲ?" ಅಂದರು.

ಇದರಲ್ಲಿ ಸ್ವಲ್ಪ ನಿಜ ಇದೆ. ಪಿಸಿಜಿಎಸ್, ಎನ್‌ಜಿಸಿ ಎಂಬ ಅಮೆರಿಕದ ಸಂಸ್ಥೆಗಳು ನಾಣ್ಯ ಅಸಲಿಯೋ ಎಂದು ಪರೀಕ್ಷಿಸಿ, 1ರಿಂದ 70ರವರೆಗೆ ಅಂಕ ಕೊಟ್ಟು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿ ಕೊಡುತ್ತವೆ. 60 ಮತ್ತು ಅದರ ಮೇಲಿನ ಅಂಕ ಚಲಾವಣೆಯ ಸವೆತವೇ ಇಲ್ಲದ ನಾಣ್ಯಕ್ಕೆ. ಆದರೆ ಫೀ, ಹೋಗಿ ಬರುವ ಸಾಗಣೆ, ವಿಮೆ ಎಲ್ಲ ಸೇರಿದರೆ ಒಂದು ನಾಣ್ಯಕ್ಕೆ ಸಾವಿರಗಳ ಲೆಕ್ಕ. ಹಾಗಾಗಿ ಕಳಿಸುವ ಮೊದಲು ಮನೆಯಲ್ಲೇ ನಾಲ್ಕು ಪ್ರಶ್ನೆ ಕೇಳಿಕೊಳ್ಳಬೇಕು. ಕೋಡ್ ಬರೆಯುವಾಗ ನಾವು ಮಾಡುವುದೂ ಇದನ್ನೇ: ಮೊದಲ ಶರತ್ತಿನಲ್ಲೇ ಬಿದ್ದುಹೋದರೆ ಮುಂದಕ್ಕೆ ಹೋಗುವುದಿಲ್ಲ.

ಒಂದು, ಇದು ಅಪರೂಪವೇ? ಇಸವಿಯ ಕೆಳಗೆ ಟಂಕಸಾಲೆಯ ಗುರುತು ನೋಡಿ. ವಜ್ರದ ಆಕಾರ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ದುಂಡು ಚುಕ್ಕೆ ಇದ್ದರೆ ನೊಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ. ಇಸವಿ, ಗುರುತು ಎರಡನ್ನೂ ಸೇರಿಸಿ ಹುಡುಕಬೇಕು. ದೇವರ ಚಿತ್ರ ಇದ್ದ ಮಾತ್ರಕ್ಕೆ ನಾಣ್ಯ ಅಪರೂಪ ಆಗುವುದಿಲ್ಲ.

ಎರಡು, ಸವೆದಿದೆಯೇ? ಒಂದೇ ದೀಪದ ಕೆಳಗೆ ನಾಣ್ಯವನ್ನು ನಿಧಾನಕ್ಕೆ ಓರೆ ಮಾಡುತ್ತಾ ನೋಡಿ. ಉಬ್ಬಿದ ಭಾಗದಲ್ಲಿ ಹೊಳಪು ಹೋಗಿದ್ದರೆ ಅದು ಕೈಯಿಂದ ಕೈಗೆ ಓಡಾಡಿದ ನಾಣ್ಯ. ಚಿಲ್ಲರೆಯಲ್ಲಿ ಸಿಕ್ಕದ್ದು ಬಹುಪಾಲು ಇಲ್ಲೇ ಬೀಳುತ್ತದೆ.

ಮೂರು, ಟಂಕಸಾಲೆಯಲ್ಲೇ ಆದ ತಪ್ಪು ಏನಾದರೂ ಇದೆಯೇ? ಅಚ್ಚು ಪಕ್ಕಕ್ಕೆ ಸರಿದು ಬಿದ್ದಿರಬಹುದು. ಇಲ್ಲವೇ ನಾಣ್ಯವನ್ನು ಪುಸ್ತಕದ ಹಾಳೆಯ ಹಾಗೆ ತಿರುಗಿಸಿದಾಗ ಹಿಂಬದಿ ನೆಟ್ಟಗೆ ಬರದೆ ಓರೆಯಾಗಿ ಬರಬಹುದು. ಇಂಥದ್ದಿದ್ದರೆ ಸವೆದ ನಾಣ್ಯವನ್ನೂ ತಿಳಿದವರಿಗೆ ತೋರಿಸಬಹುದು. ಸುತ್ತಿಗೆ ಏಟು, ಆಸಿಡ್ ಕಲೆ, ತೂತು ಇವೆಲ್ಲ ಆಮೇಲಾದ ಗಾಯ, ಅದಕ್ಕೆ ಬೆಲೆ ಇಲ್ಲ.

ನಾಲ್ಕು, ಲೆಕ್ಕ ಕೂಡುತ್ತದೆಯೇ? ಆನ್‌ಲೈನ್‌ನಲ್ಲಿ ಯಾರೋ ಕೇಳಿದ ಬೆಲೆ ಬೆಲೆಯಲ್ಲ, ಹರಾಜಿನಲ್ಲಿ ನಿಜವಾಗಿ ಮಾರಾಟವಾದದ್ದೇ ಬೆಲೆ. ಗ್ರೇಡ್ ಆದ ನಾಣ್ಯದ ಮಾರಾಟ ಬೆಲೆಯಿಂದ ಹಾಗೇ ಇರುವ ನಾಣ್ಯದ ಬೆಲೆ ಕಳೆಯಿರಿ. ಉಳಿದದ್ದು ಖರ್ಚಿಗಿಂತ ಬಹಳ ಹೆಚ್ಚಿದ್ದರೆ ಮಾತ್ರ ಕಳಿಸುವ ಯೋಚನೆ.

ದೊಡ್ಡಪ್ಪನ ನಾಣ್ಯ ಮೊದಲನೆಯದರಲ್ಲೂ ಬಿತ್ತು, ಎರಡನೆಯದರಲ್ಲೂ ಬಿತ್ತು. "ಅಂದ್ರ ಇದು ಐದು ರೂಪಾಯಿನೇ" ಅಂದರು. ಹೌದು ಅನ್ನುವುದಕ್ಕೆ ನನಗೆ ಕಷ್ಟವಾಯಿತು.

ಅಷ್ಟರಲ್ಲಿ ದೊಡ್ಡಮ್ಮ ದೇವರ ಮನೆಯಿಂದ ಇನ್ನೊಂದು ನಾಣ್ಯ ತಂದರು. "ಹಂಗಾದರೆ ಇದನ್ನೂ ನೋಡು." ಐದನೆಯ ಜಾರ್ಜ್ ದೊರೆಯ ಬೆಳ್ಳಿ ರೂಪಾಯಿ, 1918. ಅತ್ತೆಯಿಂದ ಬಂದದ್ದು. ತೂಕ 11.66 ಗ್ರಾಂ, ಅದರಲ್ಲಿ ಹತ್ತೂವರೆ ಗ್ರಾಂಗಿಂತ ಹೆಚ್ಚು ಬೆಳ್ಳಿ. ಮನೆಯಲ್ಲಿ ನಿಜವಾಗಿ ಬೆಲೆ ಇದ್ದ ನಾಣ್ಯ ಇದು, ಇದರ ಬಗ್ಗೆ ಯಾರೂ ಕೇಳಿರಲೇ ಇಲ್ಲ! ಆದರೆ ಪ್ರತಿ ವರ್ಷ ಲಕ್ಷ್ಮೀ ಪೂಜೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಫಳಫಳ ಮಾಡಿದ್ದಾರೆ. ತಿಕ್ಕಿದ ನಾಣ್ಯಕ್ಕೆ ಗ್ರೇಡಿಂಗ್‌ನವರು ಅಂಕವನ್ನೇ ಕೊಡುವುದಿಲ್ಲ, 'ತೊಳೆದಿದ್ದಾರೆ' ಎಂದು ಬರೆದುಬಿಡುತ್ತಾರೆ. ಮೇಲಾಗಿ ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆ ಪ್ರಕಾರ ಪ್ರಾಚ್ಯವಸ್ತು, ನಾವು ನೀವು ವಿದೇಶಕ್ಕೆ ಕಳಿಸುವ ಹಾಗೇ ಇಲ್ಲ.

"ಕಳಿಸೋರು ಯಾರಪ್ಪ? ಇದು ಮಗಳ ಜೊತೆ ಹೋಗೋದು" ಅಂದರು ದೊಡ್ಡಮ್ಮ. ದೊಡ್ಡಪ್ಪ ಮಾತಾಡಲಿಲ್ಲ. ಫೋನ್ ನನ್ನ ಕೈಗೆ ಕೊಟ್ಟು, "ಆ ನಂಬರ್ ತೆಗೆದುಬಿಡು" ಅಂದರು.

ನಿಮ್ಮ ಮನೆಯ ಹಿರಿಯರ ಫೋನಿಗೂ ಇಂಥ ವಿಡಿಯೋ ಬಂದಿರಬಹುದು. ಬೈಯಬೇಡಿ, ಪಕ್ಕದಲ್ಲಿ ಕೂತು ನಾಣ್ಯ ನೋಡಿ. ದುಡ್ಡು ಆಗಲೇ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಮತ್ತೆ ಹಳೆಯ ನಾಣ್ಯ ಸಿಕ್ಕರೆ ದಯವಿಟ್ಟು ಹುಣಸೆಹಣ್ಣು ಹಚ್ಚಬೇಡಿ!