ವಿಜಯಪುರದ ಬಾಗಿಲಲ್ಲಿ ಐದು ರೂಪಾಯಿ

ಸುಗ್ಗಿಯ ಕೆಲಸವು ತೀರಿ ಶಾಲೆಗಳಿಗೆ ಬಿಡುವು ಬಂದಿತೆಂದರೆ, ನಮ್ಮ ಹಳ್ಳಿಗಳ ಜನವು ವಿಜಯಪುರದ ದಾರಿ ಹಿಡಿಯುವದು ರೂಢಿಯಾಗಿದೆ. ಬುತ್ತಿಯ ಗಂಟು ಕಟ್ಟಿಕೊಂಡು, ಮುದುಕರನ್ನೂ ಮಕ್ಕಳನ್ನೂ ಕೂಡಿಕೊಂಡು ಬರುವ ಈ ಯಾತ್ರಿಕನು ಶ್ರೀಮಂತನಲ್ಲ. ಆದರೆ ಆ ನಗರದ ನಿಜವಾದ ವಾರಸುದಾರನು ಅವನೇ. ಸುಲ್ತಾನರು ಕಟ್ಟಿಸಿದರೆಂಬದು ದಿಟ. ಕಲ್ಲು ಹೊತ್ತವರೂ ಸುಣ್ಣ ಅರೆದವರೂ ಕಂದಾಯ ತೆತ್ತವರೂ ಈ ನೆಲದ ಜನರೇ. ಇಂಥ ವಾರಸುದಾರನು ಅಲ್ಪ ವೆಚ್ಚದಲ್ಲಿ ಏನೇನನ್ನು ನೋಡಬಹುದು, ಅವನಿಗೆ ಅಡ್ಡಿಯಾಗಿರುವದೇನು ಎಂಬದನ್ನು ವಾಚಕರ ಮುಂದಿಡಲು ನಾವು ಬಯಸುತ್ತೇವೆ.

ಮೊದಲು ಸಮಾಧಾನದ ಮಾತು. ಈ ನಗರದ ರಚನೆಯೇ ಬಡವನಿಗೆ ಅನುಕೂಲವಾಗಿದೆ. ರೇಲ್ವೆ ನಿಲ್ದಾಣಕ್ಕೆ ಸಮೀಪದಲ್ಲಿ, ಊರಿನ ಪೂರ್ವ ಭಾಗದಲ್ಲಿ ಗೋಳಗುಮ್ಮಟವು ನಿಂತಿದೆ. ಪಶ್ಚಿಮದ ಕೋಟೆಗೋಡೆಯ ಆಚೆ ಇಬ್ರಾಹಿಂ ರೋಜಾ ಇದೆ. ಈ ಎರಡರ ನಡುವೆ ಜುಮ್ಮಾ ಮಸೀದೆ, ಗಗನ ಮಹಲು, ಬಾರಾ ಕಮಾನು, ಉಪ್ಪಲಿ ಬುರುಜು ಮೊದಲಾದವು ಹರಡಿಕೊಂಡಿವೆ. ಬೆಳಗಿನಲ್ಲಿ ಪೂರ್ವದಿಂದ ಹೊರಟವನು ಸಂಜೆಯೊಳಗೆ ಪಶ್ಚಿಮವನ್ನು ಮುಟ್ಟಬಹುದು. ಶುಲ್ಕವಿರುವದು ಮುಖ್ಯವಾಗಿ ಎರಡು ತುದಿಗಳಲ್ಲಿ. ನಡುವಿನ ಬಹುತೇಕ ಕಟ್ಟಡಗಳನ್ನು ಪುಕ್ಕಟೆಯಾಗಿಯೇ ನೋಡಬಹುದು. ಗುಮ್ಮಟದ ಮುಂದಿನ ನಗಾರಖಾನೆಯಲ್ಲಿ 1892ರಲ್ಲಿ ಏರ್ಪಟ್ಟ ವಸ್ತುಸಂಗ್ರಹಾಲಯದಲ್ಲಿ ಕನ್ನಡ, ಸಂಸ್ಕೃತ, ಅರಬ್ಬಿ, ಪಾರಸೀ ಶಾಸನಗಳೂ ವಿಗ್ರಹಗಳೂ ಚಿತ್ರಗಳೂ ಬಿದರಿ ಸಾಮಾನುಗಳೂ ಇವೆ. ಶುಕ್ರವಾರ ಅದು ಮುಚ್ಚಿರುವದರಿಂದ ದೂರದಿಂದ ಬರುವವರು ಆ ದಿನವನ್ನು ಬಿಟ್ಟು ಬರುವದು ಲೇಸು.

ಪುಕ್ಕಟೆಯ ನೋಟಗಳಲ್ಲಿ ಮಲಿಕ್-ಎ-ಮೈದಾನ್ ತೋಪು ಒಂದು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಇದನ್ನು 1854ರಲ್ಲಿ ಅಂದಿನ ಪರಕೀಯ ಸರಕಾರವು ನಿರುಪಯೋಗಿ ಸಾಮಾನೆಂದು ಹರಾಜಿಗಿಟ್ಟಿತು. ಬಂದ ಬೇಡಿಕೆ 150 ರೂಪಾಯಿ! ಪುಣ್ಯವಶಾತ್ ಆ ಮಾರಾಟವು ರದ್ದಾಯಿತು. ಪೂರ್ವಜರ ಸೊತ್ತನ್ನು ಕೇವಲ ಹಣದಿಂದ ಅಳೆಯಹೊರಟರೆ ಎಂಥ ಅನರ್ಥವಾಗುವದೆಂಬದಕ್ಕೆ ಬೇರೆ ನಿದರ್ಶನವು ಬೇಕೆ?

ಈಗ ಅಸಮಾಧಾನದ ಮಾತು. ಗೋಳಗುಮ್ಮಟದ ವರ್ಗಕ್ಕೆ ಸೇರಿದ ಸ್ಮಾರಕಗಳಿಗೆ 2016ರ ವರೆಗೆ ಭಾರತೀಯರ ಪ್ರವೇಶ ಶುಲ್ಕವು 5 ರೂಪಾಯಿ ಇತ್ತು. ಆ ವರ್ಷ ಅದು 15 ಆಯಿತು. 2018ರಲ್ಲಿ 25 ಆಯಿತು. ಎರಡೇ ವರ್ಷಗಳಲ್ಲಿ ಐದು ಪಟ್ಟು! ಹದಿನೈದರೊಳಗಿನ ಮಕ್ಕಳಿಗೆ ಶುಲ್ಕವಿಲ್ಲವೆಂಬದು ಸ್ತುತ್ಯವೇ ಸರಿ. ಆದರೆ 2018ರ ಏರ್ಪಾಟಿನಲ್ಲಿ ಇನ್ನೊಂದು ಭೇದವೂ ಸೇರಿತು. ಆನ್‌ಲೈನ್ ಮೂಲಕ ಹಣ ಕೊಡುವವನಿಗೆ 20 ರೂಪಾಯಿ. ನಗದು ಕೊಡುವವನಿಗೆ 25. ಸೆರಗಿನ ಗಂಟಿನಿಂದ ನೋಟು ಬಿಚ್ಚಿ ಕೊಡುವ ಮುದುಕಿಯು ಪಟ್ಟಣದ ಉದ್ಯೋಗಸ್ಥನಿಗಿಂತ ಹೆಚ್ಚು ತೆರಬೇಕೆಂದು ಇದರ ಅರ್ಥ. ಇದು ಯಾವ ನ್ಯಾಯ? ಗಂಡ, ಹೆಂಡತಿ, ಮುಪ್ಪಿನ ತಾಯಿತಂದೆ, ಹೀಗೆ ನಾಲ್ವರು ಎರಡೂ ಸ್ಮಾರಕಗಳನ್ನು ನೋಡಬೇಕಾದರೆ ನಗದಿನವರಿಗೆ 200 ರೂಪಾಯಿ, ಉಳಿದವರಿಗೆ 160. ಆ ನಲವತ್ತು ರೂಪಾಯಿಯ ಹೊರೆಗೆ ಅಂಜಿ ಎಷ್ಟೋ ಮಂದಿ ಗುಮ್ಮಟವನ್ನು ಮಾತ್ರ ನೋಡಿ ರೋಜಾದ ಆಸೆಯನ್ನು ಬಿಟ್ಟರೆ ಆಶ್ಚರ್ಯವಲ್ಲ.

ಸ್ಮಾರಕಗಳ ರಕ್ಷಣೆಗೆ ಹಣ ಬೇಡವೇ ಎಂದು ಕೇಳುವವರಿದ್ದಾರೆ. ಬೇಕು, ಶುಲ್ಕವೇ ಇರಬಾರದೆಂದು ನಾವು ಹೇಳುವದಿಲ್ಲ. ಸರತಿಯ ಸಾಲನ್ನು ಕಡಿಮೆ ಮಾಡಲಿಕ್ಕೆ ರಿಯಾಯಿತಿ ಕೊಟ್ಟರೆಂದು ಸಮರ್ಥಿಸುವವರೂ ಇದ್ದಾರೆ. ಆದರೆ ಸಾಲು ನಿಲ್ಲದೆ ಒಳಗೆ ಹೋಗುವದೇ ಒಂದು ಅನುಕೂಲ. ಅದರ ಮೇಲೆ ಬಹುಮಾನವೇತಕ್ಕೆ? ಸ್ವಾತಂತ್ರ್ಯದ 75ನೆಯ ವರ್ಷದ ನಿಮಿತ್ತ 2022ರ ಅಗಸ್ಟ್ 5ರಿಂದ 15ರ ವರೆಗೆ ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕಗಳನ್ನೆಲ್ಲ ಪುಕ್ಕಟೆಯಾಗಿ ತೆರೆದಿಟ್ಟಿದ್ದರು. ಹನ್ನೊಂದು ದಿನ ಸಾಧ್ಯವಾದ ಔದಾರ್ಯದ ಒಂದಂಶವು ವರ್ಷವಿಡೀ ಸಾಧ್ಯವಾಗಬಾರದೇಕೆ?

ನಮ್ಮ ಬೇಡಿಕೆಗಳು ಸರಳವಾಗಿವೆ. ನಗದು ಕೊಡುವವನಿಗೂ ಕಡಿಮೆಯ ದರವೇ ಅನ್ವಯಿಸಲಿ. ಗುಮ್ಮಟ, ರೋಜಾ, ಸಂಗ್ರಹಾಲಯ ಈ ಮೂರಕ್ಕೂ ಎರಡು ದಿನ ನಡೆಯುವ ಒಂದೇ ಸೋವಿಯ ಟಿಕೀಟು ದೊರೆಯಲಿ. ಯಾವದು ಪುಕ್ಕಟೆ, ಯಾವದಕ್ಕೆ ಶುಲ್ಕ, ಯಾವ ಕ್ರಮದಲ್ಲಿ ನೋಡಬೇಕು ಎಂಬದನ್ನು ತಿಳಿಗನ್ನಡದಲ್ಲಿ ಬರೆದ ಫಲಕವು ರೇಲ್ವೆ ಹಾಗೂ ಬಸ್ಸು ನಿಲ್ದಾಣಗಳಲ್ಲಿ ಎದ್ದು ಕಾಣಲಿ.

ಯಾತ್ರಿಕರಿಗೂ ಒಂದು ಮಾತು. ಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ಕೂಗಾಡಿ, ಗೋಡೆಯ ಮೇಲೆ ಹೆಸರು ಕೆತ್ತಿ ಮರಳಿದರೆ ಕೊಟ್ಟ ಹಣವೂ ನಷ್ಟ, ಕಟ್ಟಡಕ್ಕೂ ನಷ್ಟ. ಸದ್ದಿಲ್ಲದೆ ನಿಂತು ನೋಡುವವನಿಗೆ ಆ ಕಲ್ಲು ಹೇಳುವದು ಬಹಳವಿದೆ. ಸೊತ್ತು ನಮ್ಮದೆಂಬ ಹಕ್ಕನ್ನು ಸಾಧಿಸುವವರು ಅದನ್ನು ಕಾಯುವ ಹೊಣೆಯನ್ನೂ ಹೊರಬೇಕು. ಆ ಹೊಣೆಯನ್ನು ಹೊರಲು ಬರುವ ಬಡವನನ್ನು ಐದು ರೂಪಾಯಿಯ ಭೇದದಿಂದ ಅವಮಾನಿಸದಿರುವದು ಸರಕಾರದ ಕರ್ತವ್ಯವಾಗಿದೆ.